ಪ್ಯಾಲಟೈನಿನ ಇದ್ದಿಲೊಲೆ

ಶಿಕಾಗೋ ಪಟ್ಟಣದ ಪೂರ್ವದ ಅಂಚಿನಲ್ಲಿ ನಿಂತು ಮಿಷಿಗನ್ ಸರೋವರವನ್ನು ಮೊದಲ ಸಾರಿ ನೋಡಿದವರು ಅದನ್ನು ಸರೋವರವೆಂದು ಒಪ್ಪುವುದು ಕಷ್ಟ. ಎದುರಿನ ದಡ ಕಾಣುವುದಿಲ್ಲ. ಅಲೆಗಳು ಸಾಲುಸಾಲಾಗಿ ಬಂದು ಕಟ್ಟೆಗೆ ಬಡಿಯುತ್ತವೆ. ಗಾಳಿ ಬಲವಾದ ದಿನ ನೀರಿನ ತುಂತುರು ದಾರಿಹೋಕರ ಮುಖಕ್ಕೆ ರಾಚುತ್ತದೆ. ಉಪ್ಪಿನ ವಾಸನೆಯೊಂದನ್ನು ಬಿಟ್ಟರೆ ಮಂಗಳೂರಿನ ಕಡಲ ತೀರದಲ್ಲಿ ನಿಂತಂತೆಯೇ ಸರಿ. ಇದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರು; ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಮೆ. ಅಮೆರಿಕದ ಐದು ಮಹಾಸರೋವರಗಳಲ್ಲಿ ಸಂಪೂರ್ಣವಾಗಿ ಸಂಯುಕ್ತಸಂಸ್ಥಾನಗಳ ಗಡಿಯೊಳಗಿರತಕ್ಕದ್ದು ಇದೊಂದೇ.

ಇಂಥ ನೀರಿನಲ್ಲಿ ದೋಣಿ ನಡೆಸುವವರಿಗೆ ದಾರಿ ತೋರುವುದಕ್ಕಾಗಿ ಬಂದರಿನ ಬಾಯಲ್ಲಿ ಕೆಂಪು ಮತ್ತು ಹಸುರು ಬಣ್ಣದ ತೇಲುಗುಂಡುಗಳನ್ನು ಸರಪಣಿಯಿಂದ ತಳಕ್ಕೆ ಬಿಗಿದು ನಿಲ್ಲಿಸಿರುತ್ತಾರೆ. ಒಳಕ್ಕೆ ಬರುವ ದೋಣಿ ಕೆಂಪನ್ನು ಬಲಗಡೆಗೆ ಇಟ್ಟುಕೊಂಡು ಬರಬೇಕೆಂಬುದು ಅಲ್ಲಿಯ ನಿಯಮ. ಈ ಗುಂಡುಗಳಿಗೂ ಅಡಿಗೆಯ ಒಲೆಗೂ ಏನು ಸಂಬಂಧವೆಂದು ಗೃಹಿಣಿಯರು ಕೇಳಬಹುದು. ಆ ದೇಶದಲ್ಲಿ ಮನೆಮನೆಯ ಹಿತ್ತಿಲಿನಲ್ಲಿ ಮೂರು ಕಾಲಿನ ಮೇಲೆ ನಿಂತಿರುವ ಒಂದು ದುಂಡನೆಯ ಕರಿಯ ಇದ್ದಿಲೊಲೆಯುಂಟು. ಅದು ಹುಟ್ಟಿದ್ದೇ ಇಂಥ ಒಂದು ತೇಲುಗುಂಡನ್ನು ಎರಡಾಗಿ ಕತ್ತರಿಸಿದುದರಿಂದ.

ಶಿಕಾಗೋದಲ್ಲಿ ವೆಬರ್ ಸಹೋದರರ ತಗಡಿನ ಕಾರ್ಖಾನೆಯೊಂದು ಇದ್ದಿತು. ಅಲ್ಲಿ ತಯಾರಾಗುತ್ತಿದ್ದ ಪದಾರ್ಥಗಳಲ್ಲಿ ತೇಲುಗುಂಡುಗಳೂ ಸೇರಿದ್ದುವು. ಜಾರ್ಜ್ ಸ್ಟೀಫನ್ ಎಂಬಾತನು ಅಲ್ಲಿ ಕೆಲಸದಲ್ಲಿದ್ದನು. ಹನ್ನೆರಡು ಮಕ್ಕಳ ತಂದೆಯಾದ ಈತನಿಗೆ ಹಿತ್ತಿಲಿನಲ್ಲಿ ಕೆಂಡದ ಮೇಲೆ ಅಡಿಗೆ ಮಾಡುವ ಹವ್ಯಾಸ. ಆದರೆ ಆಗಿನ ಇಟ್ಟಿಗೆಯ ಒಲೆಗಳು ಮೇಲೆ ತೆರೆದಿರುತ್ತಿದ್ದುವು. ಒಂದು ಕಡೆ ಸರೋವರ, ಇನ್ನೊಂದು ಕಡೆ ಮರವಿಲ್ಲದ ಬಯಲು, ಗಾಳಿಗೆ ಅಡ್ಡಿಯೇ ಇಲ್ಲ. ಬೂದಿಯೆಲ್ಲ ಹಾರಿ ಆಹಾರದ ಮೇಲೆ ಕೂರುವುದು. ಮಳೆ ಬಂದರೆ ಬೆಂಕಿಯೇ ಆರುವುದು. 1952ರಲ್ಲಿ ಆತನು ಗುಂಡಿನ ಕೆಳಗಿನ ಅರ್ಧವನ್ನು ಒಲೆಯಾಗಿಯೂ ಮೇಲಿನ ಅರ್ಧವನ್ನು ಮುಚ್ಚಳವಾಗಿಯೂ ಮಾಡಿ, ಕಾಲುಗಳನ್ನು ಹಚ್ಚಿ ನಿಲ್ಲಿಸಿದನು. ಮುಚ್ಚಳ ಹಾಕಿದೊಡನೆ ಬೆಂಕಿ ಉಸಿರುಕಟ್ಟಿ ಆರಿಹೋಯಿತೆಂದೂ ಗಾಳಿಗೆ ಕಿಂಡಿಗಳನ್ನು ಕೊರೆದಮೇಲೆ ಸರಿಯಾಯಿತೆಂದೂ ಹೇಳುತ್ತಾರೆ. ಕಥೆಗೆ ಸ್ವಲ್ಪ ಬಣ್ಣ ಬಂದಿರಬಹುದು. ಆದರೆ ಒಲೆಯ ಮರ್ಮವೆಲ್ಲ ಆ ಕಿಂಡಿಗಳಲ್ಲಿಯೇ ಇದೆ ಎಂಬುದು ಸತ್ಯ. ಸ್ಟೀಫನ್ 1993ರಲ್ಲಿ ತೀರಿಕೊಂಡನು. ಆತನ ಒಲೆಯ ಕಂಪೆನಿಯ ಹೆಸರು ಬಹುಕಾಲದಿಂದ ಶಿಕಾಗೋದ ವಾಯವ್ಯಕ್ಕಿರುವ ಪ್ಯಾಲಟೈನ್ ಎಂಬ ಊರಿನೊಡನೆ ಸೇರಿಕೊಂಡಿದೆ.

ನಮ್ಮ ಸೋದರಳಿಯನ ಮನೆಯಿರುವುದು ಆ ಪ್ಯಾಲಟೈನಿನಲ್ಲಿಯೇ. 2023ರ ಬೇಸಗೆಯಲ್ಲಿ ಎರಡು ತಿಂಗಳು ಅಲ್ಲಿ ಇರುವ ಸಂದರ್ಭ ಒದಗಿತು. ಶಿಕಾಗೋದ ನಡುವೂರಿನಿಂದ ರೈಲಿನಲ್ಲಿ ಕುಳಿತರೆ ಒಂದು ಗಂಟೆಯ ಪ್ರಯಾಣ. ಆಕಾಶಕ್ಕೆ ಚುಚ್ಚಿಕೊಂಡ ಕಟ್ಟಡಗಳು ಹಿಂದೆ ಸರಿದಂತೆ ಕಾರ್ಖಾನೆಗಳ ಇಟ್ಟಿಗೆಯ ಗೋಡೆಗಳು, ಆಮೇಲೆ ಒತ್ತೊತ್ತಾದ ಮನೆಗಳು, ಕೊನೆಗೆ ಹುಲ್ಲುಹಾಸಿನ ನಡುವೆ ಬಿಡಿಬಿಡಿಯಾಗಿ ನಿಂತ ಮನೆಗಳು ಕಾಣುತ್ತವೆ. ನಮ್ಮ ಕಡೆಯ ಹಾಗೆ ಕಾಂಪೌಂಡು ಗೋಡೆಯಿಲ್ಲ. ಒಬ್ಬರ ಹುಲ್ಲು ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಮೊದಲಾಯಿತು ಎಂಬುದನ್ನು ಕತ್ತರಿಸಿದ ಎತ್ತರದಿಂದಲೇ ತಿಳಿಯಬೇಕು. ಆದರೂ ನೆರೆಹೊರೆಯ ಬಳಕೆ ನಮ್ಮಲ್ಲಿಯಷ್ಟಿಲ್ಲ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದವರು ಮೇ ತಿಂಗಳಿನಲ್ಲಿ ತೆರೆಯುತ್ತಾರೆ. ತೆರೆದಮೇಲೆ ಶನಿವಾರ ಭಾನುವಾರಗಳಲ್ಲಿ ಹಿತ್ತಿಲುಗಳಿಂದ ನೀಲಿಯ ಹೊಗೆ ಏಳುವುದನ್ನು ನೋಡಿದರೆ ಬೀದಿಯಲ್ಲಿ ಮನುಷ್ಯರಿದ್ದಾರೆಂದು ನಂಬಿಕೆಯಾಗುತ್ತದೆ.

ಬೇಸಗೆಯ ಇನ್ನೊಂದು ವಿನೋದವೆಂದರೆ ಗ್ಯಾರೇಜ್ ಸೇಲ್. ಮನೆಯಲ್ಲಿ ಬೇಡವಾದ ಸಾಮಾನುಗಳನ್ನೆಲ್ಲ ಕಾರಿನ ಕೊಟ್ಟಿಗೆಯ ಮುಂದೆ ಹರಡಿ, ಒಂದೊಂದಕ್ಕೂ ಚೀಟಿ ಅಂಟಿಸಿ ಮಾರುತ್ತಾರೆ. ಸಂಕೋಚವೆಂಬುದು ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ. ನಮ್ಮಲ್ಲಿ ಹಳೆಯ ಪಾತ್ರೆಯನ್ನು ಗುಜರಿಯವನಿಗೆ ಹಾಕುವಾಗ ಹಿಂಬಾಗಿಲಿನಿಂದ ಹಾಕುವುದುಂಟು. ಅಲ್ಲಿ ಡಾಕ್ಟರನೂ ಬಂದು ಅರ್ಧ ಡಾಲರಿಗೆ ಚಮಚ ಕೊಂಡುಹೋಗುತ್ತಾನೆ. ಮೂರನೆಯ ಮನೆಯ ವೃದ್ಧೆಯೊಬ್ಬಳು, ಗಂಡ ತೀರಿಕೊಂಡು ಒಂದು ವರ್ಷವಾಗಿದ್ದವಳು, ಮನೆ ಮಾರಿ ಮಗಳ ಊರಿಗೆ ಹೊರಟಿದ್ದಳು. ಅವಳ ಸಾಮಾನುಗಳ ಕೊನೆಯಲ್ಲಿ ಒಂದು ಹಳೆಯ ಇದ್ದಿಲೊಲೆ ವಾಲಿಕೊಂಡು ನಿಂತಿದ್ದಿತು. ಚೀಟಿಯಲ್ಲಿ ಹದಿನೈದು ಡಾಲರು. ಹೊಸದಕ್ಕೆ ಅದರ ಹತ್ತರಷ್ಟಾದರೂ ಕೊಡಬೇಕು. ನಮ್ಮ ಹುಡುಗ ಅದನ್ನು ಕೊಂಡು ಬೀದಿಯುದ್ದಕ್ಕೂ ಗಡಗಡ ಉರುಳಿಸಿಕೊಂಡು ಬಂದನು.

ಬಂದುದು ಬಂದಿತು; ಒಳಕ್ಕೆ ಹೋಗಲಿಲ್ಲ. ಹಿತ್ತಿಲ ಬಾಗಿಲಿನಲ್ಲಿ ನಮ್ಮ ಅಕ್ಕ ನಿಂತಿದ್ದಳು.

ಅಕ್ಕನಿಗೆ ಎಂಬತ್ತು ಸಮೀಪಿಸಿದೆ. ಮಗನ ಮನೆಗೆಂದು ಮೈಸೂರಿನಿಂದ ಏಪ್ರಿಲಿನಲ್ಲಿ ಬಂದು ಅಕ್ಟೋಬರಿನಲ್ಲಿ ಹಿಂದಿರುಗುವವಳು. ಮಡಿಯನ್ನು ಹಿಂದಿನಷ್ಟು ಆಚರಿಸದಿದ್ದರೂ ಅಡಿಗೆಯ ಪಾತ್ರೆಯ ವಿಷಯದಲ್ಲಿ ಬಗ್ಗುವವಳಲ್ಲ. "ಅದರಲ್ಲಿ ಏನು ಬೇಯಿಸುತ್ತಿದ್ದರೋ?" ಎಂದು ಕೇಳಿದಳು. ಸುಳ್ಳು ಹೇಳುವ ಹಾಗಿರಲಿಲ್ಲ. ಶಿಕಾಗೋ ಊರು ಬೆಳೆದುದೇ ಮಾಂಸದ ವ್ಯಾಪಾರದಿಂದ. 1865ರಿಂದ 1971ರವರೆಗೆ ದೇಶದ ದನ ಹಂದಿಗಳೆಲ್ಲ ರೈಲುಗಟ್ಟಲೆ ಬಂದು ಸೇರುತ್ತಿದ್ದ ಯೂನಿಯನ್ ಸ್ಟಾಕ್ ಯಾರ್ಡಿನ ಕಲ್ಲಿನ ಹೆಬ್ಬಾಗಿಲು ಇಂದಿಗೂ ನಿಂತಿದೆ. ಅಂಥ ಊರಿನ ಹಿತ್ತಿಲ ಒಲೆಯಲ್ಲಿ ಮೂವತ್ತು ನಲವತ್ತು ವರ್ಷ ಬೆಂದುದು ಕುಂಬಳಕಾಯಿಯಲ್ಲ.

"ತೊಳೆಯುತ್ತೇನಮ್ಮಾ" ಎಂದನು ಮಗ.

"ನೀನು ತೊಳೆ, ಅದರಲ್ಲಿ ಮಾಡು, ನಿನ್ನ ಹೆಂಡತಿ ಮಕ್ಕಳು ತಿನ್ನಲಿ. ನಾನು ಆವೊತ್ತು ಅವಲಕ್ಕಿ ಕಲಸಿಕೊಳ್ಳುತ್ತೇನೆ" ಎಂದು ಅಕ್ಕ ಒಳಕ್ಕೆ ಹೋದಳು. ಕೋಪವಿರಲಿಲ್ಲ. ಆದರೆ ಮೊಮ್ಮಕ್ಕಳು ಹಿತ್ತಿಲಿನಲ್ಲಿ ಕುಳಿತು ತಿನ್ನುವಾಗ ಅಜ್ಜಿ ಒಳಗೆ ಒಬ್ಬಳೇ ಅವಲಕ್ಕಿ ತಿನ್ನುವುದೆಂದರೆ ಆ ಮನೆಯ ಬೇಸಗೆಯೇ ಕೆಟ್ಟ ಹಾಗೆ. ಅಕ್ಕನೂ ಮಗನೂ ಒಂದೇ ಸೂರಿನಡಿ ಇರುವುದು ಎರಡು ಮೂರು ವರ್ಷಕ್ಕೊಮ್ಮೆ.

ಆ ಸಂಜೆ ನಾನು ಅಕ್ಕನ ಬಳಿ ಮಾತು ತೆಗೆದೆನು. ತಾಮ್ರ ಕಬ್ಬಿಣ ಕಂಚುಗಳಿಗೆ ಕ್ಷಾರ, ಆಮ್ಲ, ನೀರು ಇವುಗಳಿಂದ ಶುದ್ಧಿಯೆಂದೂ, ಮಣ್ಣಿನ ಪಾತ್ರೆಗೆ ಮತ್ತೆ ಸುಡುವುದರಿಂದ ಶುದ್ಧಿಯೆಂದೂ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಹೇಳಿರುವುದುಂಟು. ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕುವ ನಮ್ಮ ಪದ್ಧತಿಯೂ ಅದೇ ಅಲ್ಲವೆ? ಅಕ್ಕ ಪೂರ್ತಿ ಕೇಳಿ, "ಇದು ಕಬ್ಬಿಣವೋ, ಮಣ್ಣೋ? ಮೊದಲು ಅದನ್ನು ಹೇಳು" ಎಂದಳು.

ಪ್ರಶ್ನೆ ಸಾಮಾನ್ಯವಾದುದಲ್ಲ. ಈ ಒಲೆಯ ಮೈಯ ಮೇಲಿರುವುದು ಬಣ್ಣವಲ್ಲ, ಎನಾಮಲ್. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿಯನ್ನು ಹಚ್ಚಿ ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೆ ಗಾಜು ಕರಗಿ ಲೋಹಕ್ಕೆ ಹತ್ತಿಕೊಳ್ಳುತ್ತದೆ. ಒಳಗೆ ಕಬ್ಬಿಣ, ಹೊರಗೆ ಸುಟ್ಟ ಗಾಜು. ಅಳಿಯ ಇದನ್ನು ವಿವರಿಸಿದನು. ಅಕ್ಕ ಯೋಚಿಸಿ ತೀರ್ಪು ಕೊಟ್ಟಳು: "ಹಾಗಾದರೆ ಎರಡು ಶುದ್ಧಿಯೂ ಆಗಲಿ. ಕಬ್ಬಿಣದ ಹಾಗೆ ತಿಕ್ಕಿ, ಮಣ್ಣಿನ ಹಾಗೆ ಸುಡಿ. ಆದರೆ ಆ ಜಾಲರಿ ಮಾತ್ರ ಬೇಡ ಕಣೋ. ಪದಾರ್ಥ ಮುಟ್ಟಿದ್ದು ಅದೇ." ಪದಾರ್ಥ ತಾಗುವ ಜಾಲರಿ ತುಕ್ಕು ತಿಂದು ಹೇಗೂ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದಿತು. ಇಷ್ಟು ಅನುಕೂಲವಾದ ಧರ್ಮಶಾಸ್ತ್ರ ಸಿಕ್ಕುವುದು ಅಪರೂಪ.

ಮರುದಿನ ಕೆಲಸ ಮೊದಲಾಯಿತು. ಹಳೆಯ ಒಲೆ ಕೊಳ್ಳುವವರು ಮೊದಲು ನೋಡಬೇಕಾದುದು ತಳವನ್ನು. ಎನಾಮಲ್ ಸಿಡಿದು ತಗಡು ತೂತಾಗಿದ್ದರೆ ಬಿಟ್ಟುಬಿಡುವುದೇ ಲೇಸು. ಮೇಲಿನ ಕೊಳೆಯೆಷ್ಟಿದ್ದರೂ ಚಿಂತೆಯಿಲ್ಲ. ಮುಚ್ಚಳದ ಒಳಭಾಗವನ್ನು ಕಂಡರೆ ಬಣ್ಣ ಹಪ್ಪಳೆಯಾಗಿ ಏಳುತ್ತಿರುವಂತೆ ತೋರುತ್ತದೆ. ಎಷ್ಟೋ ಮಂದಿ ಅದನ್ನು ಕಂಡು ಹೆದರಿ ಒಲೆಯನ್ನೇ ಎಸೆಯುತ್ತಾರಂತೆ. ಅದು ಬಣ್ಣವಲ್ಲ. ಕೊಬ್ಬಿನ ಹೊಗೆಯೂ ಮಸಿಯೂ ಪದರಪದರವಾಗಿ ಕೂತು ಸುಟ್ಟು ಗಟ್ಟಿಯಾದುದು. ನಮ್ಮ ಹಳೆಯ ಅಡಿಗೆಮನೆಯ ಅಟ್ಟದಿಂದ ಜೋಲುತ್ತಿದ್ದ ಇಲ್ಲಣದ ಬಂಧುವೆಂದು ತಿಳಿಯಬಹುದು. ಅಲ್ಯೂಮಿನಿಯಂ ಹಾಳೆಯನ್ನು ಉಂಡೆಮಾಡಿ ತಿಕ್ಕಿದರೆ ಉದುರಿಬಿಡುತ್ತದೆ. ಒಂದು ಬುಟ್ಟಿಯಷ್ಟು ಉದುರಿತು. ಕೆಳಗೆ ಕನ್ನಡಿಯಂಥ ಕರಿಯ ಮೈ ಇದ್ದಿತು.

ಕಷ್ಟ ಕೊಟ್ಟುದು ತಳದ ಕಿಂಡಿಗಳು. ಬಟ್ಟಲಿನ ತಳದಲ್ಲಿ ಮೂರು ಕಿಂಡಿಗಳಿದ್ದು ಅವುಗಳ ಮೇಲೆ ಮೂರು ಎಲೆಯ ತಿರುಗಣೆಯೊಂದು ಆಡುತ್ತದೆ. ಹೊರಗಿನ ಹಿಡಿಯನ್ನು ತಿರುಗಿಸಿದರೆ ಕಿಂಡಿ ತೆರೆಯುವುದು, ಮುಚ್ಚುವುದು, ಬೂದಿಯನ್ನು ಕೆಳಗಿನ ತಟ್ಟೆಗೆ ಗುಡಿಸುವುದು, ಮೂರು ಕೆಲಸವೂ ಆಗುತ್ತವೆ. ಮುದುಕನು ತನ್ನ ಕೊನೆಯ ಬೇಸಗೆಯಲ್ಲಿ ಉರಿಸಿದ ಬೂದಿ ತಳದಲ್ಲಿಯೇ ಉಳಿದಿದ್ದಿತು. ಬೂದಿಗೆ ಮಳೆನೀರು ಸೇರಿದರೆ ಕ್ಷಾರವಾಗುತ್ತದೆ. ಹಿಂದೆ ಬಟ್ಟೆ ಒಗೆಯುತ್ತಿದ್ದುದು ಅದರಿಂದಲೇ. ಆ ಕ್ಷಾರ ತಿರುಗಣೆಯನ್ನು ತಿಂದು ತಳಕ್ಕೆ ಕಚ್ಚಿಸಿಬಿಟ್ಟಿದ್ದಿತು, ಅಲ್ಯೂಮಿನಿಯಂ ಕಾಲುಗಳ ತುದಿಯನ್ನೂ ಬಿಟ್ಟಿರಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಮರದ ಕೊಡತಿಯಿಂದ ಮೆಲ್ಲಮೆಲ್ಲನೆ ತಟ್ಟಿದೆವು. ಕಬ್ಬಿಣದ ಸುತ್ತಿಗೆಯಾದರೆ ಗಾಜು ಸಿಡಿಯುತ್ತದೆ. ಎರಡನೆಯ ರಾತ್ರಿಯ ಎಣ್ಣೆಗೆ ತಿರುಗಣೆ ಅಲ್ಲಾಡಿತು. ಹೊರಕ್ಕೆ ಬಂದಾಗ ಅದರ ಒಂದು ಎಲೆ ಅರ್ಧವೇ ಉಳಿದಿದ್ದಿತು. ಹೊಸ ತಿರುಗಣೆಯೂ ಹೊಸ ಜಾಲರಿಗಳೆರಡೂ ಅಂಗಡಿಯಲ್ಲಿ ದೊರೆತುವು. ನಲವತ್ತು ವರ್ಷದ ಹಿಂದಿನ ಒಲೆಗೆ ಇಂದಿನ ಬಿಡಿಭಾಗ ಹೊಂದುತ್ತದೆಂಬುದು ನನಗೆ ಆಶ್ಚರ್ಯವನ್ನು ಉಂಟುಮಾಡಿತು. ನಮ್ಮ ಮನೆಯ ಮಿಕ್ಸಿಗೆ ಐದು ವರ್ಷ ಕಳೆದರೆ ಮುಚ್ಚಳವೇ ಸಿಕ್ಕುವುದಿಲ್ಲ.

ಒಲೆಯ ವಯಸ್ಸನ್ನು ಹೇಳಿದುದು ಮುಚ್ಚಳದ ಮೇಲಿನ ಗಾಳಿತಗಡು. ಅದರ ಮೇಲೆ ಒತ್ತಿರುವ ಒಂದು ಅಕ್ಷರದಿಂದ ತಯಾರಾದ ವರ್ಷವನ್ನು ಗುರುತಿಸುತ್ತಾರೆ; ನಮ್ಮದು 1980ರ ದಶಕದ್ದು. ಹಿಡಿಗಳು ಮರದವು, ಬಿಸಿಲಿಗೆ ಬೂದುಬಣ್ಣವಾಗಿ ಸೀಳಿದ್ದುವು. ಅವನ್ನು ಉಪ್ಪುಕಾಗದದಿಂದ ಉಜ್ಜಿ ಅಗಸೆ ಎಣ್ಣೆ ಹಚ್ಚಿದ ಕೆಲಸ ಮಕ್ಕಳದು. ಹೊರಮೈಯನ್ನು ಸೋಡಾ ಕಲಸಿದ ಸಾಬೂನಿನಿಂದಲೂ ಅತಿ ನುಣ್ಣನೆಯ ಉಕ್ಕಿನ ನಾರಿನಿಂದಲೂ ತೊಳೆದೆವು. ತಂತಿಯ ಬ್ರಷ್ಷಿನ ವಿಷಯದಲ್ಲಿ ಎಚ್ಚರ ಬೇಕು: ಹಳೆಯ ಬ್ರಷ್ಷಿನ ತಂತಿ ಮುರಿದು ಜಾಲರಿಯಲ್ಲಿ ಸಿಕ್ಕಿಕೊಂಡು ಆಹಾರದೊಡನೆ ಹೊಟ್ಟೆ ಸೇರಿ ಅಪಾಯವಾದುದುಂಟು. ಹಾಗೆಯೇ ಜಾಲರಿಯ ಬದಲಿಗೆ ಸತುವಿನ ಲೇಪವಿರುವ ಬೇಲಿಯ ತಂತಿಬಲೆಯನ್ನು ಹಾಕಬಾರದು; ಕೆಂಡದ ಶಾಖಕ್ಕೆ ಸತು ಹೊಗೆಯಾಡಿದರೆ ಅದು ವಿಷ. ಅಕ್ಕನ ಆಜ್ಞೆಯಂತೆ ಆಮ್ಲವೂ ಆಗಬೇಕಲ್ಲ? ವಿನೆಗರ್ ಸಾಲದೆಂದು ಅವಳೇ ಹುಣಿಸೆಹಣ್ಣನ್ನು ನೆನೆಹಾಕಿ ತಂದು ಮುಂದೆ ಇಟ್ಟಳು. ಆ ದಿನವೇ ನನಗೆ ಅರ್ಧ ಧೈರ್ಯ ಬಂದಿತು.

ಇನ್ನುಳಿದುದು ಸುಡುವುದು. ಅಲ್ಲಿಯ ಇದ್ದಿಲು ನಮ್ಮ ಮರದಿದ್ದಿಲಿನಂತಲ್ಲ, ದಿಂಬಿನಾಕಾರದ ಉಂಡೆಗಳು. ಇವೂ ಆ ಸರೋವರದ ಸೀಮೆಯವೇ. ಮಿಷಿಗನ್ನಿನ ಉತ್ತರ ಭಾಗದ ಐರನ್ ಮೌಂಟನ್ ಸುತ್ತಿನ ಕಾಡಿನಲ್ಲಿ ಹೆನ್ರಿ ಫೋರ್ಡನು ತನ್ನ ಮೋಟಾರುಗಳ ಮರದ ಭಾಗಗಳಿಗಾಗಿ ಕೊಯ್ಯುವ ಕಾರ್ಖಾನೆಯನ್ನು ಇಟ್ಟಿದ್ದನು. ಅಲ್ಲಿ ರಾಶಿಬಿದ್ದ ಚಕ್ಕೆ ತುಂಡುಗಳನ್ನು ವ್ಯರ್ಥಮಾಡಬಾರದೆಂದು 1920ರ ಸುಮಾರಿಗೆ ಇದ್ದಿಲ ಉಂಡೆಗಳನ್ನು ಮಾಡಿಸತೊಡಗಿದನು. ಅದಕ್ಕೆ ಜಾಗ ನೋಡಿಕೊಟ್ಟ ಬಂಧು ಕಿಂಗ್ಸ್‌ಫರ್ಡ್ ಎಂಬಾತನ ಹೆಸರು ಇಂದಿಗೂ ಇದ್ದಿಲಿನ ಚೀಲದ ಮೇಲಿದೆ. ಇದ್ದಿಲ ಪುಡಿಗೆ ಗಂಜಿ ಸೇರಿಸಿ ಒತ್ತಿರುತ್ತಾರೆಂದು ಕೇಳಿ ಅಕ್ಕ ನಕ್ಕಳು. ಅವಳ ಚಿಕ್ಕಂದಿನಲ್ಲಿ ಮೂಟೆಯ ತಳದ ಇದ್ದಿಲ ಪುಡಿಗೆ ಸಗಣಿ, ಕೆಮ್ಮಣ್ಣು ಕಲಸಿ ಉಂಡೆ ಕಟ್ಟಿ ಬಿಸಿಲಿಗೆ ಇಡುತ್ತಿದ್ದುದು ನಮ್ಮ ಅಮ್ಮ.

ಬಟ್ಟಲು ತುಂಬ ಇದ್ದಿಲು ಹಾಕಿ ಮೇಲಿನ ಕೆಳಗಿನ ಕಿಂಡಿಗಳನ್ನೆಲ್ಲ ತೆರೆದು ಮುಚ್ಚಳ ಮುಚ್ಚಿ ಒಂದು ಗಂಟೆಗೂ ಮಿಗಿಲಾಗಿ ಉರಿಸಿದೆವು. ಮೊದಲು ಹಳೆಯ ಜಿಡ್ಡಿನ ಕಮಟು ಹೊಗೆ ಬಂದಿತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದುಕೊಂಡು ದೂರದ ಕುರ್ಚಿಯಲ್ಲಿ ಕುಳಿತಿದ್ದಳು. ಬರಬರುತ್ತ ಹೊಗೆ ತೆಳುವಾಯಿತು, ವಾಸನೆ ಹೋಯಿತು, ಕೊನೆಗೆ ಕಿಂಡಿಯ ಮೇಲೆ ಬಿಸಿಗಾಳಿಯ ನಡುಕವೊಂದೇ ಕಾಣುತ್ತಿದ್ದಿತು. ಮೇಲಿನ ಕಿಂಡಿ ಅರ್ಧ ಮುಚ್ಚಿದರೆ ಕೆಂಡ ಮಂಕಾಗುವುದು, ತೆರೆದರೆ ಉಬ್ಬುವುದು. ನಮ್ಮ ಅಗ್ಗಿಷ್ಟಿಕೆಗೆ ಬೀಸಣಿಗೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡು ಕಡೆಯೂ ಮುಚ್ಚಿಬಿಟ್ಟರೆ ಗಾಳಿಯಿಲ್ಲದೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ವಾರಕ್ಕಾಗುವುದು. ಈ ಉಳಿತಾಯವನ್ನು ಅಕ್ಕ ಬಹಳ ಮೆಚ್ಚಿದಳು.

ನಡುವೆ ಮೋಡ ಕವಿದು ನಾಲ್ಕು ಹನಿ ಬಿದ್ದುವು. ಗ್ಯಾರೇಜಿನೊಳಗೆ ಎಳೆದುಬಿಡೋಣವೆ ಎಂದು ಮಕ್ಕಳು ಕೇಳಿದರು. ಕೂಡದು. ಇದ್ದಿಲು ಉರಿಯುವಾಗ ಬರುವ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯಿಟ್ಟು ಕಿಟಕಿ ಬಾಗಿಲು ಮುಚ್ಚುವ ಮನೆಗಳು ಇನ್ನೂ ಇದ್ದರೆ ಈ ಮಾತನ್ನು ಗಮನಿಸಬೇಕು. ಮಳೆ ಬಂದರೆ ಬರಲಿ, ಮುಚ್ಚಳವಿರುವುದೇ ಅದಕ್ಕೆ.

ಆ ಭಾನುವಾರ ಹೊಸ ಜಾಲರಿಯನ್ನಿಟ್ಟು ಮೊದಲು ಬೇಯಿಸಿದುದು ಮುಸುಕಿನ ಜೋಳದ ತೆನೆ. ಇಲಿನಾಯ್ ಸಂಸ್ಥಾನವೇ ಜೋಳದ ಕಣಜ. ಆಗಸ್ಟಿನಲ್ಲಿ ಬೀದಿಬದಿಯ ರೈತರ ಬಂಡಿಯಲ್ಲಿ ಹಾಲುಗಾಳಿನ ತೆನೆ ಯಥೇಚ್ಛವಾಗಿ ಸಿಕ್ಕುತ್ತದೆ. ಹಿಂದೆಯೇ ಎರಡು ಗುಂಡು ಬದನೆಕಾಯಿಗಳು. ಸಿಪ್ಪೆ ಕಪ್ಪಾಗಿ ಸುರುಟಿ ಒಳಗೆ ಮೆತ್ತಗಾದಮೇಲೆ ಸೊಸೆ ಅವನ್ನು ಸುಲಿದು ಹಸಿಮೆಣಸಿನಕಾಯಿ, ಹುಣಿಸೆರಸ, ಬೆಲ್ಲ ಹಾಕಿ ಗೊಜ್ಜು ಮಾಡಿದಳು. ಹೊರಡುವ ಗಡಿಬಿಡಿಯಲ್ಲಿದ್ದ ಮೂರನೆಯ ಮನೆಯ ವೃದ್ಧೆಯನ್ನು ಅಳಿಯ ಕರೆದುಕೊಂಡು ಬಂದನು. ಅವಳು ಒಲೆಯನ್ನು ಸುತ್ತಿಬಂದು ಮರದ ಹಿಡಿಯನ್ನು ಮುಟ್ಟಿ ನೋಡಿದಳು, ಏನೂ ಹೇಳಲಿಲ್ಲ. ತೆನೆಗೆ ಉಪ್ಪು, ಮೆಣಸಿನಪುಡಿ, ನಿಂಬೆಹಣ್ಣು ಸವರುವುದನ್ನು ಕಂಡು ತನ್ನದಕ್ಕೂ ಹಾಕಿಸಿಕೊಂಡಳು.

ಅಕ್ಕ ಹೊರಕ್ಕೆ ಬಂದು ಜಾಲರಿಯನ್ನು ಬಗ್ಗಿ ನೋಡಿ, ಹೊಸದೆಂದು ಖಚಿತಪಡಿಸಿಕೊಂಡು, ಆ ವೃದ್ಧೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಒಂದು ತೆನೆ ತಿಂದಳು. ಗೊಜ್ಜನ್ನು ಮುಟ್ಟಲಿಲ್ಲ, ಆಗ ಚಾತುರ್ಮಾಸ್ಯ, ಅವಳಿಗೆ ಬದನೆಕಾಯಿ ವರ್ಜ್ಯ. ಒಬ್ಬರ ಭಾಷೆ ಒಬ್ಬರಿಗೆ ಪೂರಾ ಬಾರದಿದ್ದರೂ ಇಬ್ಬರು ವಿಧವೆಯರೂ ಕತ್ತಲಾಗುವವರೆಗೆ ಮಾತಾಡಿದರು.

ಮುಂದಕ್ಕೆ ಒಂದು ಕಟ್ಟಳೆ ಮಾತ್ರ ಉಳಿಯಿತು. ಮಕ್ಕಳ ಸಹಪಾಠಿಗಳು ಬಂದು ತಮ್ಮ ಮಾಂಸವನ್ನು ಬೇಯಿಸಬೇಕೆಂದರೆ ಸರಕಾರದ ಉದ್ಯಾನಗಳಲ್ಲಿ ಸಾರ್ವಜನಿಕರಿಗಾಗಿ ನೆಟ್ಟಿರುವ ಒಲೆಗಳಿಗೆ ಹೋಗತಕ್ಕದ್ದು. ಅವರ ಊಟಕ್ಕೆ ನಮ್ಮ ಅಡ್ಡಿಯಿಲ್ಲ, ಒಲೆ ನಮ್ಮದು ಎಂದಳು ಅಕ್ಕ.

ಅಕ್ಟೋಬರಿನಲ್ಲಿ ಅವಳು ಮೈಸೂರಿಗೆ ಹಿಂದಿರುಗಿದಳು. ಭಾನುವಾರಗಳಲ್ಲಿ ಮಗನಿಗೆ ಟೆಲಿಫೋನು ಮಾಡುತ್ತಾಳೆ. ಮಕ್ಕಳ ಕ್ಷೇಮ, ಅಲ್ಲಿಯ ಚಳಿ ಎಲ್ಲವೂ ಆದಮೇಲೆ, ತಳದ ತಟ್ಟೆಯಿಂದ ಬೂದಿಯನ್ನು ತೆಗೆದೆಯಾ, ಮಳೆ ಬೀಳುವ ಮೊದಲೇ ತೆಗೆ, ಎಂದು ಹೇಳಿ ಇಡುತ್ತಾಳೆ.